ಮಂಪರು ಇಳಿಯೋ ತನಕ

...ಇಲ್ಲ ಇಲ್ಲ, ನೀನು ಮಾತಾಡ್ಬೇಡ. ನೀನು ಬಾಯಿ ತೆಗೆದ್ರೆ ನಾನು ಎದ್ದು ಹೊರಗೆ ಹೋಗ್ತೀನಿ ನೋಡು. ಡಾಕ್ಟರ್ ಏನಂದ್ರು? ಸಂಜೆ ತನಕ ಗಂಟಲಿಗೆ ಕೆಲಸ ಕೊಡ್ಬೇಡಿ ಅಂದ್ರು. ಅಷ್ಟುದ್ದದ ಪೈಪು ಹೊಟ್ಟೆ ತನಕ ಇಳಿದು ಬಂದಿರೋ ಗಂಟಲು ಅದು, ಹುಡುಗಾಟನಾ? ಮಾತೆಲ್ಲ ನಾನಾಡ್ತೀನಿ. ನೀನು ತಲೆ ಆಡಿಸು, ಸಾಕು. ಹೌದು ಅಂದ್ರೆ ಹೀಗೆ, ಇಲ್ಲ ಅಂದ್ರೆ ಹೀಗೆ... ಏನು, ನಗು ಬಂತಾ? ನಗು ಅಲ್ವಾ ಅದು? ಸರಿ ಬಿಡು. ಮದುವೆ ಆದಾಗಿಂದ ಈ ಮನೇಲಿ ಪೂರ್ತಿ ಮಾತು ನನ್ನ ಪಾಲಿಗೆ ಬಂದಿರೋದು ಇವತ್ತೇ.

ಆ ಕುರ್ಚಿ ಬೇಡ. ಅದರ ಸ್ಪ್ರಿಂಗ್ ಇನ್ನೂ ಬಿಗಿದಿಲ್ಲ, ಕೂತ್ರೆ ಸೊಂಟದ ತನಕ ಮುಳುಗಿ ಹೋಗ್ತೀಯ. ಈ ಸೋಫಾ ಮೇಲೆ ಬಾ. ಗಿರಾಕಿದೇ, ಆದ್ರೇನಂತೆ? ನಾಳೆ ತಾನೆ ಅವರು ತಗೊಂಡು ಹೋಗೋದು. ಬೇರೆಯವರ ಸೋಫಾ ಮೇಲೆ ಕೂತೇ ಅಲ್ವಾ ನಾವು ಇಷ್ಟು ವರ್ಷ ಸಂಸಾರ ಮಾಡಿದ್ದು. ಊರವರಿಗೆಲ್ಲ ಮೆತ್ತೆ ಹೊಲಿದುಕೊಟ್ಟೋನ ಮನೇಲಿ ಸ್ವಂತಕ್ಕೆ ಇರೋದು ಎರಡು ಮರದ ಸ್ಟೂಲು. ನಾನು ಈ ಕುರ್ಚಿ ಬೆನ್ನು ಹೊಲೀತಾ ಮಾತಾಡ್ತೀನಿ. ಕೈ ಖಾಲಿ ಇದ್ರೆ ನಂಗೆ ಮಾತು ಬರಲ್ಲ, ಗೊತ್ತಲ್ಲ ನಿಂಗೆ.

ಅಂದ ಹಾಗೆ... ನಿಂಗೇನಾದ್ರೂ ನೆನಪಿದ್ಯಾ? ಆಸ್ಪತ್ರೆದು ಕಣೇ. ಒಳಗೆ ಕರ್ಕೊಂಡು ಹೋದ್ರಲ್ಲ, ಆಮೇಲಿಂದು. ಇಲ್ಲ ಅಲ್ವಾ? ತಲೆ ಆಡಿಸು... ಹೋಗ್ಲಿ, ಆಯಾಸ ಮಾಡ್ಕೋಬೇಡ. ಇರಲ್ಲ. ಇರಲ್ಲ ಅಂತ ನಂಗೊತ್ತು. ಆ ನರ್ಸ್ ಹೇಳಿದ್ಲು, ದಪ್ಪ ಕನ್ನಡಕದವಳು. ನೀವೆಲ್ಲ ಒಳಗೆ ಹೋದ ಮೇಲೆ, ಹೊರಗೆ ಕಾಯ್ತಾ ಇದ್ದ ನಮ್ಮನ್ನೆಲ್ಲ ಒಂದು ಬೆಂಚಲ್ಲಿ ಕೂಡಿಸಿ ಪಾಠ ಮಾಡಿದ್ಲು. ಒಳಗೆ ಇಂಜೆಕ್ಷನ್ ಕೊಡ್ತಾರೆ, ಮಂಪರು ಬರುತ್ತೆ, ಆದ್ರೆ ಪೂರ್ತಿ ಪ್ರಜ್ಞೆ ತಪ್ಪಲ್ಲ ಅಂದ್ಲು. ಆಮೇಲೆ ಕಣ್ಣು ಬಿಡ್ತಾರಂತೆ, ಕೇಳಿದ್ದಕ್ಕೆ ಉತ್ತರ ಕೊಡ್ತಾರಂತೆ, ಅರೆ, ಚೆನ್ನಾಗೇ ಇದ್ದಾರಲ್ಲ ಅಂತ ನಮಗೆ ಅನ್ಸುತ್ತಂತೆ. ನಂಬ್ಬೇಡಿ, ಆ ಹೊತ್ತಲ್ಲಿ ಕಂಡಿದ್ದು ಕೇಳಿದ್ದು ಒಂದೂ ತಲೇಲಿ ನಿಲ್ಲಲ್ಲ ಅಂದ್ಲು. ಮುಖ್ಯವಾದ ವಿಷಯ ಏನಿದ್ರೂ ನಾಳೆ ಹೇಳ್ಕೊಳ್ಳಿ, ಇವತ್ತು ಹೇಳಿದ್ರೆ ಗೋಡೆಗೆ ಹೇಳಿದ ಹಾಗೆ.

ಗೋಡೆಗೆ ಹೇಳಿದ ಹಾಗೆ. ಆ ಮಾತು ನನ್ನ ಕಿವೀಲೇ ಕೂತ್ಬಿಡ್ತು... ಯಾಕೆ ಅಂತ ಏನಿಲ್ಲ. ಸುಮ್ನೆ. ಕೆಲವು ಮಾತು ಕೂತ್ಬಿಡುತ್ತಲ್ಲ.

ಸುಳ್ಳಲ್ಲ ಕಣೇ ಅವಳು ಹೇಳಿದ್ದು. ನಿನ್ನ ಪಕ್ಕದ ಮಂಚದಲ್ಲಿ ಒಬ್ಬಳು ಇದ್ಲಲ್ಲ, ನಿಂಗೆಲ್ಲಿ ಗೊತ್ತಾಗ್ಬೇಕು. ಒಲೆ ಮೇಲಿಂದ ಪಾತ್ರೆ ಇಳಿಸಿದ್ರಾ ಅಂತ ಗಂಡನ್ನ ಕೇಳ್ತಾಳೆ. ಇಳಿಸಿದೆ ಅಂತಾನೆ ಅವನು. ಹೌದಾ, ಸರಿ ಅಂತಾಳೆ. ಒಂದು ಗುಟುಕು ನೀರು ಕುಡಿಯೋ ಹೊತ್ತು, ಮತ್ತೆ, ರೀ, ಒಲೆ ಮೇಲಿಂದ ಪಾತ್ರೆ ಇಳಿಸಿದ್ರಾ? ಅವನು ಮೊದಮೊದಲು ಪ್ರೀತಿಯಿಂದ ಹೇಳ್ದ, ಆಮೇಲೆ ಹಲ್ಲು ಕಚ್ಕೊಂಡು ಹೇಳ್ದ, ಕೊನೆಗೆ ಇಳಿಸಿದ್ದೀನಿ ಮಹಾತಾಯಿ, ಬೇಕಾದ್ರೆ ಇಲ್ಲಿಗೇ ತರಿಸ್ತೀನಿ ಅಂದ. ಸುತ್ತ ಇದ್ದವರೆಲ್ಲ ನಕ್ರು. ಅವಳೂ ನಕ್ಕಳು ಪಾಪ, ಯಾಕೆ ಅಂತ ಗೊತ್ತಿಲ್ದೆ.

ನೀನು ಮಾತ್ರ ಏನೂ ಕೇಳ್ಲಿಲ್ಲ. ಕಣ್ಣು ಮುಚ್ಕೊಂಡು ತಣ್ಣಗೆ ಮಲಗಿದ್ದೆ. ನಿಂಗೆ ಗಾಢವಾಗೇ ಹತ್ತಿದೆ ಅಂದ್ಕೊಂಡೆ. ನಾನೂ ಪಕ್ಕದಲ್ಲಿ ಸ್ಟೂಲ್ ಎಳ್ಕೊಂಡು ಕೂತೆ. ಪರದೆ ಎಳೆದ್ರು. ಏನೋ ನಾಲ್ಕು ಮಾತಾಡಿದೆ...

ಏನು ಅಂತಾನಾ? ಏನಿಲ್ಲ. ಮನೆ ವಿಷಯ. ಸ್ಪ್ರಿಂಗ್ ವಿಷಯ. ಹೆಂಡತಿ ಕಣ್ಣು ಮುಚ್ಕೊಂಡಿರುವಾಗ ಗಂಡ ಇನ್ನೇನು ಮಾತಾಡ್ತಾನೆ? ಹುಬ್ಬು ಇಳಿಸು. ಡಾಕ್ಟರ್ ಹುಬ್ಬಿಗೂ ಕೆಲಸ ಕೊಡ್ಬೇಡಿ ಅಂದಿದ್ದಾರೆ.

ಒಳ್ಳೆ ಸುದ್ದಿ ಏನಪ್ಪ ಅಂದ್ರೆ ಹೊಟ್ಟೆ ಶುದ್ಧವಾಗಿದೆ. ಒಂದು ಹುಣ್ಣಿಲ್ಲ, ಒಂದು ಗೀರಿಲ್ಲ. ಮಗು ಹೊಟ್ಟೆ ಇದ್ದ ಹಾಗಿದೆ ಅಂದ್ರು ಡಾಕ್ಟರ್. ಮತ್ತೆ ಬೆಳಿಗ್ಗೆ ಎದ್ರೆ ಬಾಯೆಲ್ಲ ಕಹಿ ಕಹಿ ಅಂತಾಳಲ್ಲ ಇವಳು, ತಾಮ್ರದ ಕಾಸು ಚೀಪಿದ ಹಾಗೆ ಅಂತಾಳಲ್ಲ, ಯಾಕೆ ಅಂತ ನಾನೂ ಕೇಳಿದೆ. ಅವರು ನನ್ನ ಮುಖ ನೋಡಿದ್ರು. ಮನೇಲಿ ನಿದ್ದೆ ಮಾತ್ರೆ ಏನಾದ್ರೂ ತಗೋತಾರಾ, ಕೆಲವು ಮಾತ್ರೆ ಹಾಗೆ ಬಾಯಿ ಕಹಿ ಮಾಡುತ್ತೆ ಅಂದ್ರು. ನಾನು ಇಲ್ಲ ಅಂದೆ. ನೀನೂ ಅಲ್ಲೇ ಇದ್ಯಲ್ಲ, ಗಾಲಿ ಕುರ್ಚೀಲಿ... ಇಲ್ಲ ತಾನೆ? ನೀನೇ ಮೊದಲ ದಿನ ಅವರ ಹತ್ರ ಹೇಳಿದ್ದೆ, ತಲೆನೋವಿಗೂ ಮಾತ್ರೆ ನುಂಗೋಳಲ್ಲ ನಾನು ಅಂತ.

ನೀರು ಬೇಕಾ? ಮತ್ತೆ ಯಾಕೆ ಹಾಗೆ ನೋಡಿದೆ?

ಸರಿ, ಕಹಿ ವಿಷಯ ಬಿಡು. ಅದು ಹೋಗುತ್ತೆ ಇನ್ನು. ತಾನಾಗೇ ಹೋಗುತ್ತೆ. ಪಾಪ, ಏನೇನು ಮಾಡಿದೆ ನೀನು ಅದಕ್ಕೆ. ಹಲ್ಲು ಉಜ್ಜೋ ಪೇಸ್ಟು ಬದಲಾಯಿಸಿದೆ. ಕಾಫಿ ಬಿಟ್ಟೆ. ಹುಳಿ ಬಿಟ್ಟೆ. ಚಮಚದ ದೋಷ ಇರ್ಬೇಕು ಅಂತ ಇದ್ದ ಚಮಚ ಎಲ್ಲಾ ತೆಗೆದು ಅಟ್ಟಕ್ಕೆ ಹಾಕಿ ಹೊಸದು ತಂದೆ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಾಲಿಗೆ ಚಾಚ್ಕೊಂಡು ನಿಂತಿರ್ತಿದ್ದೆ. ನಾನು ಹಿಂದೆ ನಿಂತು ನೋಡ್ತಿದ್ದೆ. ಕೊನೆಗೆ ಪೈಪು ನುಂಗೋ ತನಕ ಬಂತು... ಅಯ್ಯೋ, ನಾನು ಒಂದು ಮಾತು ಆಡಿದ್ದಿದ್ರೆ...

ಏನಿಲ್ಲ. ಸೂಜಿ ಚುಚ್ತು.

ಈಗ ಮೇಷ್ಟ್ರ ವಿಷಯ. ನಾಟಕದ ತಂಡದ ಯಜಮಾನರು ಸಂಜೆ ಮನೆಗೆ ಬರ್ತಾರೆ. ನೀನು ನಾಟಕದ ಪ್ರತಿ ವಾಪಸ್ ಕೊಡ್ತೀನಿ, ಇನ್ನು ನಟರಿಗೆ ಸಾಲು ಎತ್ತಿಕೊಡೋಕೆ, ಪ್ರಾಂಪ್ಟ್ ಮಾಡೋಕೆ ಬರಲ್ಲ ಅಂತ ಹೇಳಿ ಕಳಿಸಿದ್ದೀಯ. ಅದೇ ಆ ಪ್ರತಿ, ಕಪಾಟಿನ ಮೇಲೆ ಬಟ್ಟೆ ಸುತ್ತಿ ಇಟ್ಟಿದ್ದೀಯ. ಬೆಳಿಗ್ಗೆ ನೋಡಿದೆ.

ಕೊಡ್ಬೇಡ ಕಣೇ.

ಒಂದು ತಿಂಗಳು ತಡಿ. ಅವರ ಹತ್ರ ನಾನೇ ಮಾತಾಡ್ತೀನಿ. ಗಂಟಲು ಸರಿ ಇಲ್ಲ, ರಜ ಬೇಕು ಅನ್ನೋಣ. ಆಮೇಲೆ ನೋಡು, ನಿನ್ನ ತಲೆ ಮೊದಲಿನ ಹಾಗೆ ಆಗುತ್ತೆ. ಆಗೇ ಆಗುತ್ತೆ. ಬರ್ಕೊಡ್ತೀನಿ ಬೇಕಾದ್ರೆ.

ಹೇಗೆ ಗೊತ್ತು ಅಂದ್ರೆ... ಗೊತ್ತು ಅಷ್ಟೆ. ಇವತ್ತು ಬೆಳಿಗ್ಗೆ ಟ್ಯಾಕ್ಸಿಯವನು ದಾರಿ ತಪ್ಪಿದಾಗ ನೀನೇ ತಾನೆ ಹೇಳಿದ್ದು, ಆ ಔಷಧಿ ಅಂಗಡಿ ಪಕ್ಕದ ಗಲ್ಲಿ, ಎಡಕ್ಕೆ ಅಂತ? ಎಷ್ಟು ಚುರುಕಾಗಿ ಹೇಳ್ದೆ! ನಿನ್ನೆ ರಾತ್ರಿ ಉಪವಾಸ ಇದ್ದೆ, ಹಾಲೂ ಕುಡಿದಿರ್ಲಿಲ್ಲ, ನಿದ್ದೆ ಬರದೆ ಹೊರಳಾಡಿದೆ, ಆದ್ರೂ ಬೆಳಿಗ್ಗೆ ನಿನ್ನ ಮುಖ ತಿಳಿಯಾಗಿತ್ತು. ಉಪವಾಸ ಒಳ್ಳೇದು ಅಂತಾರಲ್ಲ, ಅದಕ್ಕೇ ಇರ್ಬೇಕು.

ಏನು ನೋಡ್ತೀಯ... ಗೊತ್ತು. ನೀವೇ ತಾನೆ ಬಿಡು ಅಂದಿದ್ದು ಅಂತ ಕೇಳ್ತಿದ್ದೀಯ. ಹೌದು, ನಾನೇ ಅಂದಿದ್ದೆ. ಆ ನಾಟಕ ಆದ ದಿನ ಇದೇ ಜಾಗದಲ್ಲಿ ಕೂತು ನೀನು ಅತ್ತೆ, ನಾನು ಬೆನ್ನು ಸವರ್ತಾ, ವಯಸ್ಸಾಗ್ತಾ ಬಂತು, ದುಡಿದಿದ್ದು ಸಾಕು, ಮನೇಲಿ ಹಾಯಾಗಿರು ಅಂದೆ.

ಆ ದಿನ ನಂಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಸೈಡ್‌ವಿಂಗ್‌ನಲ್ಲಿ, ಪರದೆ ಮರೇಲಿ, ನೀನು ಪುಟ್ಟ ದೀಪ ಇಟ್ಕೊಂಡು ಕೂತಿದ್ದೆ. ನಾನು ಆ ದಿನ ನಾಟಕದ ಸಿಂಹಾಸನಕ್ಕೆ ಮೆತ್ತೆ ಹೊಲಿದುಕೊಟ್ಟಿದ್ನಲ್ಲ, ಒಳಗೇ ನಿಂತಿದ್ದೆ. ನಿಮ್ಮ ತಂಡದ ಆ ಗಡ್ಡದವನದು ರಾಜನ ಪಾತ್ರ. ಮಗ ಸತ್ತ ಸುದ್ದಿ ಕೇಳಿ ಅವನು ಸುಮ್ಮನಾಗ್ಬೇಕು. ಎಷ್ಟು ಹೊತ್ತು ಸುಮ್ನಿರ್ತಾನೋ ಅಷ್ಟು ಹೊತ್ತು ಸಭೆ ಉಸಿರು ಬಿಗಿ ಹಿಡಿದಿರ್ಬೇಕು. ನೀನೇ ಹೇಳ್ತಿದ್ದೆ, ನಟ ಬೇಕಂತ ಸುಮ್ಮನಾಗೋದು ಬೇರೆ, ಮರೆತು ಸುಮ್ಮನಾಗೋದು ಬೇರೆ, ಅದು ಅವನ ಬೆನ್ನು ನೋಡಿದ್ರೇ ಗೊತ್ತಾಗುತ್ತೆ ಅಂತ. ಸಾಲು ಎತ್ತಿಕೊಡೋದು ಯಾರು ಬೇಕಾದ್ರೂ ಮಾಡ್ತಾರೆ, ಎತ್ತಿಕೊಡದೆ ಇರೋದೇ ನನ್ನ ಕೆಲಸ ಅಂತಿದ್ದೆ. ಎಷ್ಟು ಜಂಬ ನಿಂಗೆ ಆ ವಿಷಯದಲ್ಲಿ!

ಆ ದಿನ ನೀನು ಎತ್ತಿಕೊಟ್ಬಿಟ್ಟೆ. ಅದೂ ಜೋರಾಗಿ. ಮೂರನೇ ಸಾಲಿನ ತನಕ ಕೇಳಿಸ್ತು. ಜನ ಗೊಳ್ ಅಂದ್ರು. ಮಗ ಸತ್ತ ರಾಜ ನಿಂತಿದ್ದಾನೆ, ಜನ ನಗ್ತಿದ್ದಾರೆ. ಮುಂದಿನ ದೃಶ್ಯದಲ್ಲಿ ಅವನು ನಿಜವಾಗ್ಲೂ ಮರೆತ, ನಿನ್ನ ಕಡೆ ನೋಡ್ದ, ನೀನು ಬೇರೆ ಯಾವ್ದೋ ಪುಟದ ಮೇಲೆ ಬೆರಳಿಟ್ಕೊಂಡು ದೀಪಾನೇ ನೋಡ್ತಾ ಕೂತಿದ್ದೆ. ನಿದ್ದೆ ಅಲ್ಲ. ಕಣ್ಣು ತೆರೆದೇ ಇತ್ತು. ನಾನು ಹಿಂದಿನಿಂದ ಭುಜ ಮುಟ್ಟಿದ್ರೆ, ಈಗ ಯಾವ ಅಂಕ ಅಂತ ನನ್ನ ಕೇಳ್ದೆ.

ಮನೆಗೆ ಬಂದು ನೀನು ಏನಂದೆ? ನಾನೂ ಅಮ್ಮನ ದಾರೀಲೇ ಹೋಗ್ತಿದ್ದೀನಿ ಅಂದೆ. ನಿಮ್ಮಮ್ಮ ಕೊನೆಗೆ ಹೆತ್ತ ಮಗಳನ್ನೇ ಯಾರಮ್ಮ ನೀನು ಅಂತ ಕೇಳ್ತಿದ್ದವರು. ಆ ಭಯ ನಿಂಗೆ ಎಷ್ಟಿತ್ತು ಅಂತ ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಅವತ್ತು... ಅವತ್ತೇ...

ಅಳ್ತಿಲ್ಲ. ಫೋಮ್ ಧೂಳು.

ಅಲ್ಲ, ನಿನ್ನ ತಲೆ ಅಂದ್ರೆ ಎಂಥ ತಲೆ! ಮೂರು ಅಂಕದ ನಾಟಕ ಪೂರ್ತಿ ಬಾಯಿಪಾಠ. ನನ್ನ ಗಿರಾಕಿಗಳ ಸೋಫಾ ಅಳತೆ, ಯಾರಿಗೆ ಯಾವ ಬಣ್ಣ, ಯಾರು ಹಿಂದೆ ಗುಂಡಿ ಬೇಡ ಅಂದ್ರು, ಎಲ್ಲಾ ನಿನ್ನ ತಲೇಲೇ. ನಾನು ಯಾವತ್ತಾದ್ರೂ ಏನಾದ್ರೂ ನೆನಪಿಟ್ಕೊಂಡಿದ್ದುಂಟಾ? ಮನೇಲೂ ನೀನು ಪ್ರಾಂಪ್ಟರೇ. ನೆಂಟರ ಮುಂದೆ ನಾನು ಕಥೆ ಶುರು ಮಾಡೋದು, ಹೋದ ವರ್ಷ ನಾವು ಸಮುದ್ರಕ್ಕೆ ಹೋದಾಗ ಅಂತ. ಹೋದ ವರ್ಷ ಅಲ್ಲ ರೀ, ಅದರ ಹಿಂದಿನ ವರ್ಷ. ಸರಿ, ದೋಣಿಯವನು ಒಬ್ಬ ಕುಳ್ಳ ಅಂತೀನಿ. ಕುಳ್ಳ ಎಲ್ಲಿ, ನಿಮಗಿಂತ ಎತ್ತರ ಇದ್ದ. ನೆಂಟರು ನಗ್ತಾರೆ. ನಾನೂ ನಗ್ತೀನಿ. ಕಥೆ ಕೊನೇಲಿ ನಾನು ಬರೀ ಹೂಂ ಹೂಂ ಅನ್ಕೊಂಡು ಕೂತಿರ್ತೀನಿ, ಕಥೆ ನಿನ್ನದಾಗಿರುತ್ತೆ.

ಇಲ್ಲ, ಇಲ್ಲ, ದೂರು ಅಲ್ಲ ಇದು. ಸುಮ್ನೆ ನೆನಪಾಯ್ತು. ಎಷ್ಟು ದಿನ ಆಯ್ತು ನೋಡು ನೀನು ನನ್ನ ಮಾತು ತಿದ್ದಿ.

ಒಂದ್ನಿಮಿಷ, ಈ ಮೂಲೆ ಬಂತು. ಇಲ್ಲಿ ನೆಟ್ಟಗಿರೋ ಸೂಜಿ ನಡೆಯಲ್ಲ, ಇದಕ್ಕೆ...

ಅರೆ.

ಕೇಳೋ ಮೊದಲೇ ಕೊಟ್ಟೆಯಲ್ಲ! ಬಾಗಿದ ಸೂಜೀನೇ. ದಾರಾನೂ ಪೋಣಿಸಿದ್ದೀಯ. ಒಂದೇ ಸಲಕ್ಕೆ ಪೋಣಿಸಿದೆಯಾ? ನಾನು ನೋಡ್ಲೇ ಇಲ್ಲ. ಮೊನ್ನೆ ಒಂದು ಗುಂಡಿ ಹಾಕೋಕೆ ದಾರ ಪೋಣಿಸೋಕೆ ಆಗ್ದೆ ಸೂಜಿ ಎಸೆದು ಹೋದವಳು ನೀನು. ಮಂಪರಲ್ಲಿರೋರಿಗೆ ಇದು... ಆ ನರ್ಸ್ ಹೇಳಿದ್ಲು, ಇವತ್ತೆಲ್ಲ ಚಾಕು ಮುಟ್ಟೋಕೆ ಬಿಡ್ಬೇಡಿ, ಬೀಗ ತೆಗೆಯೋದೂ ಅವರ ಕೈಲಾಗಲ್ಲ, ಗಮನ ಒಂದು ಕಡೆ ನಿಲ್ಲಲ್ಲ ಅಂತ. ನೀನು ನೋಡಿದ್ರೆ ಮೆಟ್ಟಿಲಲ್ಲೂ ನನ್ನ ಕೈ ಬೇಡ ಅಂದೆ.

ಕೈ ತೋರಿಸು. ಸುಮ್ನೆ ತೋರಿಸು.

ಎಲ್ಲಿ ಹಾಕಿದ್ರು ನಿಂಗೆ ಇಂಜೆಕ್ಷನ್? ಪಕ್ಕದ ಮಂಚದವಳಿಗೆ ಅಂಗೈ ಹಿಂದೆ ಬಿಳಿ ಪಟ್ಟಿ ಹಚ್ಚಿದ್ರು. ಆಚೆ ಮಂಚದ ಮುದುಕರಿಗೂ ಅಲ್ಲೇ. ಎಲ್ಲರಿಗೂ ಅಲ್ಲೇ... ಈ ಕೈಲಿಲ್ಲ. ಆ ಕೈ ಕೊಡು. ನಾನು ಹೊದಿಕೆ ಕೆಳಗೆ ಈ ಕೈ ಹಿಡ್ಕೊಂಡಿದ್ದೆ, ಪಟ್ಟಿ ಆ ಕೈಲಿರ್ಬೇಕು ಅಂದ್ಕೊಂಡಿದ್ದೆ...

ಇಲ್ಲೂ ಇಲ್ಲ. ಒಂದು ಚುಕ್ಕೆ ಇಲ್ಲ.

ತೋಳಲ್ಲಿ ಹಾಕಿದ್ರಾ? ತೋಳು ಏರಿಸು... ಬೇಡ. ಏರಿಸ್ಬೇಡ. ಹಾಗಾದ್ರೆ ನೀನು...

ಹಾಕಿಸ್ಕೊಳ್ಳೇ ಇಲ್ವಾ?

ಬೇಡ ಅಂದೆಯಾ? ಬರೀ ಗಂಟಲಿಗೆ ಮದ್ದು ಹೊಡೆಸ್ಕೊಂಡು, ಎಚ್ಚರವಾಗೇ, ಅಷ್ಟುದ್ದದ ಪೈಪನ್ನ... ಯಾಕೆ? ಯಾರಾದ್ರೂ ಹಾಗೆ... ಯಾಕೆ ಕಣೇ? ಹೇಳು. ಮಾತಾಡು, ಪರವಾಗಿಲ್ಲ, ಡಾಕ್ಟರ್ ಹಾಳಾಗಿ ಹೋಗ್ಲಿ, ಮಾತಾಡು.

...ತಲೆ ಮುಟ್ಕೋತೀಯ. ತಲೆಗೇನಾದ್ರೂ ಆಗುತ್ತೆ ಅಂತ ಭಯ ಆಯ್ತಾ? ಇದ್ದ ನೆನಪೂ ಹೋಗ್ಬಿಟ್ರೆ ಅಂತ? ಉಳಿದಿರೋ ಅಷ್ಟಾದ್ರೂ ಉಳೀಲಿ ಅಂತ?

ಅಯ್ಯೋ ದೇವರೇ.

ಹಾಗಾದ್ರೆ ಕಣ್ಣು ಮುಚ್ಕೊಂಡಿದ್ದಿದ್ದು ಸುಸ್ತಿಗೆ. ಪಾತ್ರೆ ಇಳಿಸಿದ್ರಾ ಅಂತ ಅವಳು ಕೇಳಿದ್ದೂ ನಿಂಗೆ ಗೊತ್ತು. ಪರದೆ ಎಳೆದಿದ್ದು ಗೊತ್ತು. ನಾನು ಬಂದು ಕೂತಿದ್ದು ಗೊತ್ತು. ಒಂದ್ಸಲ ನಿನ್ನ ಬೆರಳು ನನ್ನ ಬೆರಳನ್ನ ಗಟ್ಟಿಯಾಗಿ ಹಿಡೀತು, ಆಮೇಲೆ ಬಿಡ್ತು. ಮಂಪರಲ್ಲಿ ಹಾಗೆಲ್ಲ ಆಗುತ್ತೆ ಅಂದ್ಕೊಂಡೆ ನಾನು. ಎಂಥ ದಡ್ಡ. ಬಿಟ್ಟಿದ್ದು ಯಾವ ಮಾತಿಗೆ? ಹಾಲಿನ ಮಾತಿಗೆ ತಾನೆ?

ಗೋಡೆಗೆ ಹೇಳಿದ ಹಾಗೆ ಅಂತ ಹೇಳಿದ್ದೆ ಕಣೇ. ಹೇಳಿ ಹಗುರ ಮಾಡ್ಕೊಳ್ಳೋಣ, ನಿಂಗೂ ಗೊತ್ತಾಗಲ್ಲ, ನಂಗೂ ಹೇಳಿದ ಹಾಗಾಗುತ್ತೆ ಅಂತ. ಕಳ್ಳ ಬುದ್ಧಿ. ಅಲ್ಲಿ ಹೇಳಿ, ಎದ್ದು ಹೊರಗೆ ಬಂದು, ಡಾಕ್ಟರ್ ಕೇಳಿದ್ರೆ ಮಾತ್ರೆ ಇಲ್ಲ ಅಂದೆ. ನೀನು ಗಾಲಿ ಕುರ್ಚೀಲಿ ಕೂತು ಅದನ್ನೂ ಕೇಳಿಸ್ಕೊಂಡೆ.

ಈಗ ನಿನ್ನ ಮುಖ ನೋಡ್ಕೊಂಡು ಹೇಳ್ತೀನಿ. ಕದ್ದು ಹೇಳಿದ್ದನ್ನೇ ನೇರವಾಗಿ ಹೇಳ್ತೀನಿ. ಅದು ನನ್ನ ಮಾತ್ರೆ. ಬೆನ್ನು ನೋವಿಗೆ ನಿದ್ದೆ ಬರಲ್ಲ ಅಂತ ಬೇರೆ ಡಾಕ್ಟರ್ ಹತ್ರ ಹೋಗಿದ್ದಾಗ ನಂಗೆ ಕೊಟ್ಟಿದ್ದು. ನಿಮ್ಮಮ್ಮ ಹೋದ ಮೇಲೆ ನೀನು ಮಲಗ್ತಾನೇ ಇರ್ಲಿಲ್ಲ. ಇಡೀ ಮನೆ ತಿರುಗ್ತಾ ಸಾಲು ಸಾಲು ಹೇಳ್ಕೊಳ್ತಿದ್ದೆ, ಮರೀತೀನೇನೋ ಅಂತ ಪರೀಕ್ಷೆ ಮಾಡ್ಕೊಳ್ತಿದ್ದೆ. ಮಾತ್ರೆ ತಗೋ ಅಂದ್ರೆ ತಗೋತಿರ್ಲಿಲ್ಲ. ಅದಕ್ಕೆ ನಾನು ಈ ಮೊಳೆ ಹೊಡೆಯೋ ಸುತ್ತಿಗೇಲಿ, ಎರಡು ರೆಕ್ಸಿನ್ ಚೂರಿನ ಮಧ್ಯೆ ಇಟ್ಟು ಕುಟ್ಟಿ, ಹಾಲಿಗೆ ಹಾಕಿ, ಮೇಲೆ ಸಕ್ಕರೆ ಸುರಿದು ಕೊಡ್ತಿದ್ದೆ. ಈ ಹೊತ್ತಲ್ಲಿ ಏನು ಕುಟ್ತೀರಿ ಅಂತ ಅಡುಗೆ ಮನೆಯಿಂದ ಕೇಳ್ತಿದ್ದೆ ನೀನು. ಮೊಳೆ ಅಂತಿದ್ದೆ ನಾನು. ನೀನು ನಂಬಿ ಹಾಲು ಕುಡಿದು, ಲೋಟ ತೊಳೆದಿಟ್ಟು, ಒಳ್ಳೆ ಗಂಡ ಅಂತ ನನ್ನ ಕೆನ್ನೆ ಮುಟ್ಟಿ ಹೋಗ್ತಿದ್ದೆ.

ನಿನ್ನ ತಲೆಗೆ ಏನೂ ಆಗಿಲ್ಲ. ಅಮ್ಮನ ದಾರೀನೂ ಇಲ್ಲ, ವಯಸ್ಸೂ ಇಲ್ಲ. ನಾನು. ಆ ರಾಜನ ಮುಂದೆ ಜನ ನಕ್ಕಿದ್ದು ನನ್ನಿಂದ. ನಿನ್ನ ಬಾಯಿ ಕಹಿ ಮಾಡಿದ್ದು ನಾನು, ಪೈಪು ನುಂಗಿಸಿದ್ದು ನಾನು. ನಾಳೆನೇ ಆ ಡಾಕ್ಟರ ಹತ್ರ ಹೋಗೋಣ, ನಾನೇ ಹೇಳ್ತೀನಿ, ಹೇಗೆ ನಿಲ್ಲಿಸ್ಬೇಕೋ ಕೇಳೋಣ. ಇವತ್ತು ಮೇಷ್ಟ್ರಿಗೂ ನಾನೇ ಹೇಳ್ತೀನಿ. ಪ್ರತಿ ಮಾತ್ರ ಕೊಡ್ಬೇಡ.

...ಬೈ ಕಣೇ. ಆ ಸುತ್ತಿಗೆ ತಗೊಂಡು ಹೊಡಿ ಬೇಕಾದ್ರೆ.

ಸುಮ್ನಿರ್ಬೇಡ ಹೀಗೆ.

ಎಲ್ಲಾ ಹೇಳಿದ್ದೀನಲ್ಲ. ಅಲ್ಲೂ ಹೇಳ್ದೆ, ಇಲ್ಲೂ ಹೇಳ್ದೆ. ನಿನ್ನ ಒಳ್ಳೇದಕ್ಕೆ ಶುರು ಮಾಡಿದೆ, ನಿಂಗೆ ನಿದ್ದೆ ಬರ್ಲಿ ಅಂತ. ಇನ್ನೇನಿಲ್ಲ.

ಇನ್ನೇನಿಲ್ಲ ಅಂದ್ನಲ್ಲ. ಯಾಕೆ ನೋಡ್ತಾನೇ ಇದ್ದೀಯ?

...ಮೊದಮೊದಲು ನಿದ್ದೆಗೇ. ಅದು ಸತ್ಯ. ಆಮೇಲೆ... ಆಮೇಲೆ ನೀನು ಚೆನ್ನಾಗೇ ಮಲಗ್ತಿದ್ದೆ. ಒಂದೆರಡು ದಿನ ನಾನು ಕೆಲಸದ ಮೇಲೆ ಬೇರೆ ಊರಲ್ಲಿದ್ದಾಗ ಹಾಲಿಲ್ದೆನೂ ಮಲಗಿದ್ದೆ, ನೀನೇ ಫೋನಲ್ಲಿ ಹೇಳ್ದೆ. ಅಲ್ಲಿಗೇ ನಿಲ್ಲಿಸ್ಬಹುದಿತ್ತು. ನಂಗೆ ಗೊತ್ತಿತ್ತು. ಮತ್ತೆ ಯಾಕೆ ಕುಟ್ಟಿದೆ ಅಂತ ತಾನೆ ನೀನು ಕೇಳ್ತಿರೋದು? ಅದು ಅಲ್ಲಿ ಹೇಳ್ಲಿಲ್ಲ. ಗೋಡೆಗೂ ಹೇಳೋಕೆ ನಾಚಿಕೆ ಆಯ್ತು.

ನೀನು ನನ್ನ ಕೇಳೋಕೆ ಶುರು ಮಾಡಿದ್ಯಲ್ಲ ಕಣೇ. ಬೀಗದ ಕೈ ಎಲ್ಲಿಟ್ಟೆ, ಇವತ್ತು ಯಾವ ವಾರ, ಎದುರು ಮನೆಯವರ ಹೆಸರೇನು, ಅಂತ. ನನ್ನ ತೋಳು ಹಿಡ್ಕೊಂಡು ರಸ್ತೆ ದಾಟ್ತಿದ್ದೆ. ಮೊನ್ನೆ ನೆಂಟರು ಬಂದಾಗ ನಾನು ಸಮುದ್ರದ ಕಥೆ ಹೇಳ್ದೆ. ಮೊದಲಿಂದ ಕೊನೆ ತನಕ ಹೇಳ್ದೆ. ತಪ್ಪು ತಪ್ಪು ಹೇಳ್ದೆ, ಬೇಕಂತಲೇ, ದೋಣಿಯವನು ಕುಳ್ಳ ಅಂದೆ. ನೀನು ನನ್ನ ಮುಖ ನೋಡ್ತಾ, ಹೌದಾ ಅಂತ ಕೇಳ್ತಾ ಕೂತಿದ್ದೆ.

ನಂಗೆ ಅದು ಹಿತವಾಗಿತ್ತು.